ಕೆಲಸ ಇದೆ, ಸಂಬಳ ಇದೆ, ಮನಸ್ಸು ಮಾತ್ರ ಇಲ್ಲ. ಇದರಿಂದ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಕಡತದಡಿ – ಕಲಬುರಗಿ ಜಿಲ್ಲೆ

ನಮಸ್ಕಾರ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕಂದಾಯ ಇಲಾಖೆಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ನಾನು. ಪಿಂಚಣಿ ಟೇಬಲ್ ನನ್ನದು. ವೃದ್ಧರ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಮಾಸಾಶನ ಎಲ್ಲ ನನ್ನ ಕಡೆಯೇ. ಪಕ್ಕದ ಟೇಬಲ್ಲಿನವರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಅದರ ಕೆಲಸವೂ ನನ್ನ ತಲೆಗೇ ಬಂತು.

ವಿಷಯ ಏನಂದರೆ, ಕೆಲಸದ ಮೇಲೆ ಮನಸ್ಸೇ ಹೋಗಿಬಿಟ್ಟಿದೆ. ಹೋಗಿ ಕೂರುತ್ತೇನೆ, ಇ-ಆಫೀಸ್ ತೆರೆಯುತ್ತೇನೆ, ಸುಮ್ನೆ ಪರದೆ ನೋಡುತ್ತಾ ಇರುತ್ತೇನೆ. ಐದು ನಿಮಿಷದ ಟಿಪ್ಪಣಿ ಬರೆಯಲು ಅರ್ಧ ದಿನ ಬೇಕು. ಮೊದಲು ಹೀಗಿರಲಿಲ್ಲ. ಯಾರಾದರೂ ಅಜ್ಜಿ ಬಂದು "ರೊಕ್ಕ ಬಂದಿಲ್ಲ ಯಪ್ಪಾ" ಎಂದರೆ ಆಗಲೇ ತೆರೆದು ನೋಡುತ್ತಿದ್ದೆ. ಈಗ "ಮುಂದಿನ ವಾರ ಬಾ ಯವ್ವಾ" ಎಂದು ಬಾಯಿ ತಾನಾಗಿಯೇ ಹೇಳುತ್ತದೆ. ಸಿಟ್ಟು ಬರುವುದಿಲ್ಲ, ಮರುಕವೂ ಬರುವುದಿಲ್ಲ.

ಸಾಹೇಬರು ಒಳ್ಳೆಯವರೇ, ಬೈಯುವುದಿಲ್ಲ. ಆದರೆ ಚೆನ್ನಾಗಿ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಕಾಲಮಿತಿ ಬಡ್ತಿ ಇಬ್ಬರಿಗೂ ಒಂದೇ ಲೆಕ್ಕದಲ್ಲಿ ಸಿಗುತ್ತದೆ.

ಈಗ ಬೇಸಿಗೆ ವೇಳೆ. ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಭಾಗದ ಬಿಸಿಲಿಗೆ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1.30ರವರೆಗೆ ಮಾತ್ರ. ಮಧ್ಯಾಹ್ನ ಪೂರ್ತಿ ಕೈಯಲ್ಲಿ ಉಳಿಯುತ್ತದೆ. ಅದೂ ಮೊಬೈಲಿನಲ್ಲೇ ಕಳೆದುಹೋಗುತ್ತದೆ.

ಕೆಲಸ ಬಿಡಿ ಎನ್ನಬೇಡಿ, ಮನೆ ಸಾಲ ಇದೆ. ಯೂಟ್ಯೂಬ್ ಭಾಷಣದ ಲಿಂಕ್ ಹಾಕಬೇಡಿ, ನೋಡಿ ಆಗಿದೆ. ಇದನ್ನು ದಾಟಿದವರು ಇದ್ದರೆ ಏನು ಮಾಡಿದಿರಿ ಹೇಳಿ.

ಮುಂದಿನ ಎಫ್‌ಡಿಎ – ಕಲಬುರಗಿ

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪೋಸ್ಟ್ ಓದಿ ನನಗೆ ಸಿಟ್ಟೇ ಬಂತು.

ನಾನು ಇಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಹಾಗೆ ಓದುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಕಲ್ಯಾಣ ಕರ್ನಾಟಕದ ಸ್ಥಳೀಯ ಎನ್ನುವ 371ಜೆ ಪ್ರಮಾಣಪತ್ರ ಫೈಲಿನಲ್ಲಿ ಭದ್ರವಾಗಿದೆ. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಎಂದು ಕಾಗದದಲ್ಲಿದೆ. ಆದರೆ ಹುದ್ದೆ ಕರೆಯಬೇಕಲ್ಲ? ನಿಮ್ಮ ಪಕ್ಕದ ಖಾಲಿ ಕುರ್ಚಿ ನನ್ನಂಥವನೊಬ್ಬನದು. ನೀವು ಕೂತಿರುವ ಕುರ್ಚಿಗಾಗಿ ನಾವು ರಾತ್ರಿ ನಿದ್ದೆ ಬಿಟ್ಟಿದ್ದೇವೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಸುರಪುರ ಟೀಚರ್ – ಯಾದಗಿರಿ ಜಿಲ್ಲೆ

ತಮ್ಮಾ, ನಿನ್ನ ಸಿಟ್ಟು ಖರೇ ಇದೆ. ಆದರೆ ಅದನ್ನು ಇವರ ಮೇಲೆ ಹಾಕಬೇಡ. ಆ ಕುರ್ಚಿ ತುಂಬಿದ್ದರೆ ಇವರಿಗೂ ಹೀಗಾಗುತ್ತಿರಲಿಲ್ಲವೇನೋ. ನಿನ್ನ ಕಷ್ಟ, ಇವರ ಕಷ್ಟ ಎರಡೂ ಒಂದೇ ಕಡೆಯಿಂದ ಬಂದಿವೆ.

ಇನ್ನೊಂದು ಮಾತು. ನೌಕರಿ ಸಿಕ್ಕ ಮೇಲೆ ಬೇಸರವೇ ಆಗಬಾರದು ಎನ್ನುವುದು ಯಾವ ನಿಯಮ? ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ನೌಕರಿ ಸಿಕ್ಕ ದಿನ ಅತ್ತಿದ್ದೆ, ಖುಷಿಗೆ. ಕೆಲವು ವರ್ಷ ಆದ ಮೇಲೆ ಬಸ್ ಇಳಿಯುವಾಗಲೇ ಕಾಲು ಭಾರ ಆಗುತ್ತಿತ್ತು. ಪಾಠಕ್ಕಲ್ಲ, ಆನ್‌ಲೈನ್‌ನಲ್ಲಿ ತುಂಬುವ ಮಾಹಿತಿಗೆ. ಒಂದೇ ಮಾಹಿತಿಯನ್ನು ಬೇರೆ ಬೇರೆ ಕಡೆ ತುಂಬಬೇಕು. ಮಕ್ಕಳ ಮುಖ ನೋಡಲು ಹೊತ್ತಿಲ್ಲ.

ಅಣ್ಣಾವ್ರೆ, ನಿಮಗೆ ಬೇಸರ ಇರುವುದು ಪೂರ್ತಿ ಕೆಲಸದ ಮೇಲಾ, ಅದರ ಯಾವುದೋ ಒಂದು ಭಾಗದ ಮೇಲಾ? ಅದನ್ನು ಬೇರೆ ಮಾಡಿ ನೋಡಿ. ನನಗೆ ಅದೇ ಮೊದಲ ದಾರಿ ತೋರಿಸಿತು.

ಸಿಸ್ಟರ್ ಯಾದಗಿರಿ

ಎಲ್ಲರೂ ನೇರ ಮನಸ್ಸಿಗೇ ಹೋಗಿಬಿಟ್ಟಿರಿ. ನಾನು ಆಸ್ಪತ್ರೆಯವಳು, ಮೊದಲು ಮೈ ನೋಡೋಣ.

ಮನಸ್ಸಿಲ್ಲ, ಸುಸ್ತು, ಯಾವುದೂ ಬೇಡ ಎಂದು ಬರುವವರಲ್ಲಿ ಎಷ್ಟೋ ಜನರಿಗೆ ರಕ್ತ ಕಡಿಮೆ ಇರುತ್ತದೆ. ಇಲ್ಲ ಅಂದರೆ ಥೈರಾಯ್ಡ್, ಇಲ್ಲ ಅಂದರೆ ಸಕ್ಕರೆ. ಇನ್ನೊಂದು ಬಿ12. ಅದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಿಗುತ್ತದೆ. ರೊಟ್ಟಿ, ಪುಂಡಿಪಲ್ಯ ಎಷ್ಟು ತಿಂದರೂ ಅದರಿಂದ ಬಿ12 ಬರುವುದಿಲ್ಲ. ಶುದ್ಧ ಸಸ್ಯಾಹಾರಿ ಆಗಿದ್ದು, ಹಾಲು ಮೊಸರೂ ಕಡಿಮೆ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್), ಬಿ12, ಸಕ್ಕರೆ. ಮೊದಲು ಇಷ್ಟು ಮಾಡಿಸಿ, ವರದಿ ಡಾಕ್ಟರಿಗೆ ತೋರಿಸಿ. ನೀವೇ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗಬೇಡಿ.

ಆಮೇಲೆ ನಿದ್ದೆ. ಮೇ ತಿಂಗಳು. ಆರ್‌ಸಿಸಿ ಮನೆ, ರಾತ್ರಿ ಹನ್ನೆರಡಾದರೂ ಗೋಡೆ ಬಿಸಿ ಬಿಡುತ್ತಿರುತ್ತದೆ. ಮಲಗುವುದು ತಡ, 8ಕ್ಕೆ ಕಚೇರಿ ಎಂದರೆ ಏಳುವುದು ಬೇಗ. ಹೀಗೇ ವಾರಗಟ್ಟಲೆ ನಡೆದರೆ ಎಂಥವರಿಗೂ ಮನಸ್ಸು ಮಂಕಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಅರ್ಧ ತಾಸು ಮಲಗಿ, ತಪ್ಪಿಲ್ಲ. ಮೂರು ತಾಸು ಮಲಗಿದರೆ ಮತ್ತೆ ರಾತ್ರಿ ನಿದ್ದೆ ಇಲ್ಲ.

ಈಗ ಒಂದು ಪ್ರಶ್ನೆ, ಸರಿಯಾಗಿ ಉತ್ತರ ಕೊಡಿ. ಬೇಸರ ಕಚೇರಿಯಲ್ಲಿ ಮಾತ್ರವಾ, ಎಲ್ಲದರಲ್ಲೂ ಇದೆಯಾ? ಮೊದಲು ಇಷ್ಟಪಡುತ್ತಿದ್ದ ಊಟ, ಮಕ್ಕಳು, ಗೆಳೆಯರು, ಹಬ್ಬ ಯಾವುದೂ ಬೇಡ ಎನಿಸುತ್ತದೆಯಾ? ಎರಡು ವಾರಕ್ಕಿಂತ ಜಾಸ್ತಿ ದಿನ ಹಾಗೆಯೇ ಇದ್ದು, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ, ಅದು ಕೆಲಸದ ಬೇಸರ ಅಲ್ಲ, ಖಿನ್ನತೆ ಇರಬಹುದು. ಅದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ಕೇಳಿ.

ಕಡತದಡಿ

ಸಿಸ್ಟರ್, ಥ್ಯಾಂಕ್ಸ್. ಎಲ್ಲದರಲ್ಲೂ ಇಲ್ಲ. ಭಾನುವಾರ ಊರಿಗೆ ಹೋದರೆ ಹೊಲದಲ್ಲಿ ತಿರುಗಾಡುತ್ತೇನೆ, ಮಗಳ ಜೊತೆ ಆಡುತ್ತೇನೆ, ಎಲ್ಲ ಚೆನ್ನಾಗಿಯೇ ಇದೆ. ಭಾನುವಾರ ಸಂಜೆ ಆದ ಮೇಲೆ ಶುರು. ನಾವು ಸಸ್ಯಾಹಾರಿಗಳು, ರಕ್ತ ಪರೀಕ್ಷೆ ಮಾಡಿಸುತ್ತೇನೆ.

ತಮ್ಮಾ, ನಿನ್ನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಓದು, ಬೇಗ ಬಾ, ಪಕ್ಕದ ಕುರ್ಚಿ ಖಾಲಿಯೇ ಇದೆ.

ಟೀಚರ್ ಕೇಳಿದ್ದು ಯೋಚಿಸಿದೆ. ಜನರ ಜೊತೆ ಮಾತಾಡುವುದು ಬೇಸರ ಇಲ್ಲ. ಕಡತ ಮೇಲೆ ಕಳಿಸಿದ ಮೇಲೆ ಅದು ಎಲ್ಲಿ ಹೋಯಿತು, ಏನಾಯಿತು ಎನ್ನುವುದೇ ಗೊತ್ತಾಗುವುದಿಲ್ಲ. ರೊಕ್ಕ ಬಂದವರು ಮತ್ತೆ ಕಚೇರಿಗೆ ಯಾಕೆ ಬರುತ್ತಾರೆ? ಬರುವವರೆಲ್ಲ ಬಾರದವರೇ. ವರ್ಷವಿಡೀ ನಾನು ನೋಡುವುದು ಕೆಲಸ ಆಗದ ಮುಖಗಳನ್ನು ಮಾತ್ರ.

ಮನಸ್ಸಿನ ವಿದ್ಯಾರ್ಥಿ – ಕಲಬುರಗಿ

ಸರ್, ನಿಮ್ಮ ಕೊನೆಯ ಎರಡು ಸಾಲಿನಲ್ಲೇ ವಿಷಯ ಇದೆ. ನಾನು ಮನಃಶಾಸ್ತ್ರದಲ್ಲಿ ಎಂಎಸ್‌ಸಿ ಓದುತ್ತಿದ್ದೇನೆ, ವೈದ್ಯ ಅಲ್ಲ, ಓದಿದ್ದನ್ನು ಹೇಳುತ್ತೇನೆ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದಕ್ಕೆ ಮೂರು ಲಕ್ಷಣ ಹೇಳಿತು. ಸುಸ್ತು. ಕೆಲಸದಿಂದ ಮನಸ್ಸು ದೂರ ಆಗುವುದು, ಏನೇ ಮಾಡಿದರೂ ಅಷ್ಟೇ ಎನ್ನುವ ಭಾವ. ಕೈಯಲ್ಲಿ ಏನೂ ಆಗುತ್ತಿಲ್ಲ ಎನಿಸುವುದು. ಇದು ಕಾಯಿಲೆ ಅಲ್ಲ, ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದರೆ ಬರುವ ಸ್ಥಿತಿ ಎಂದು ಅದರಲ್ಲೇ ಇದೆ. ನಿಮಗೆ ಎರಡನೆಯದು ಮತ್ತು ಮೂರನೆಯದು ಜಾಸ್ತಿ ಇದ್ದ ಹಾಗಿದೆ.

ನಿಮ್ಮ ಟೇಬಲ್‌ಗೆ ಸರಿಯಾಗಿ ಹೊಂದುವ ಒಂದು ಅಧ್ಯಯನ ಹೇಳುತ್ತೇನೆ. 2007ರಲ್ಲಿ ಮನಃಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕಾಲ್ ಸೆಂಟರ್. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಸ್ಕಾಲರ್‌ಶಿಪ್‌ಗೆ ದೇಣಿಗೆ ಕೇಳುವುದು ಅವರ ಕೆಲಸ. ದಿನವಿಡೀ ಬೇಡ ಎನಿಸಿಕೊಳ್ಳುವ ಕೆಲಸ. ಕೆಲವರಿಗೆ ಆ ಹಣದಿಂದ ಓದಿದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳಾದ ಮೇಲೆ ನೋಡಿದರೆ, ಅವರು ಫೋನಿನಲ್ಲಿ ಕಳೆಯುವ ಸಮಯ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಭೇಟಿ ಆಗದವರಲ್ಲಿ ಅಂಥ ಬದಲಾವಣೆ ಇಲ್ಲ. ಸಂಬಳ ಅದೇ, ಮೇಲಧಿಕಾರಿ ಅದೇ, ಫೋನೂ ಅದೇ.

ನಿಮಗೆ ಇದು ಉಲ್ಟಾ ಆಗಿದೆ. ಕೆಲಸ ಆದವರು ಕಾಣುವುದೇ ಇಲ್ಲ. ಹಾಗಾದರೆ ಅವರನ್ನು ನೀವೇ ಹುಡುಕಬೇಕು. ಮಂಜೂರಾದ ಹಳೆಯ ಅರ್ಜಿಗಳಲ್ಲಿ ಒಂದನ್ನು ತೆಗೆದು ಫೋನ್ ಮಾಡಿ, ರೊಕ್ಕ ಬರುತ್ತಿದೆಯಾ ಎಂದು ಕೇಳಿ.

ನಿವೃತ್ತ ಶಿರಸ್ತೇದಾರ – ಹುಮನಾಬಾದ್

ಅಮೆರಿಕಕ್ಕೆ ಹೋಗುವುದು ಬೇಡ ಮರಿ. ಇದು ನಮ್ಮ ಕಚೇರಿಗಳ ಹಳೆಯ ಕಥೆ.

ಕಂದಾಯ ಇಲಾಖೆಯಲ್ಲೇ ತಲೆ ಬೆಳ್ಳಗಾದವನು ನಾನು. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ವಿಧಾನಸೌಧದ ಮೇಲೆ ಬರೆಸಿದ್ದಾರೆ. ಕಚೇರಿಯ ಗೋಡೆಯಲ್ಲಿ 'ಕಾಯಕವೇ ಕೈಲಾಸ' ಇರುತ್ತದೆ. ಎರಡೂ ಒಳ್ಳೆಯ ಮಾತೇ. ಆದರೆ ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ, ಹಾಗಾಗಿ ಹೇಳುತ್ತೇನೆ: ಶರಣರು ಕಾಯಕ ಎಂದದ್ದು ತಾವು ಮಾಡುವ ಕೆಲಸಕ್ಕೆ. ಇನ್ನೊಬ್ಬರ ಬಾಯಿ ಮುಚ್ಚಿಸಲು ಆ ಬೋರ್ಡ್ ತೋರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕೇಸ್ ವರ್ಕರ್ ಡೈರಿ ಇದೆಯಲ್ಲ, ಅದನ್ನು ತನಿಖೆಗೆ ಬಂದಾಗ ತೋರಿಸಲು ಮಾತ್ರ ಬರೆಯುತ್ತೇವೆ. ನಾನು ಅದರ ಹಿಂದಿನ ಪುಟದಲ್ಲಿ ಬೇರೆ ಪಟ್ಟಿ ಇಟ್ಟಿದ್ದೆ. ಈ ದಿನ ಪೂರ್ತಿ ಮುಗಿದದ್ದು ಮಾತ್ರ ಅಲ್ಲಿ ಬರಬೇಕು. ಮಂಡಿಸಿದ್ದು, ಅಭಿಪ್ರಾಯಕ್ಕೆ ಕಳಿಸಿದ್ದು, ನೆನಪೋಲೆ ಹಾಕಿದ್ದು ಅಲ್ಲ. ಯಾರ ಕೆಲಸ ಮುಗಿಯಿತು, ಅವರ ಹೆಸರು. ಅಷ್ಟೇ. ಕೆಲವು ದಿನ ಪುಟ ಖಾಲಿ. ಖಾಲಿ ಬಿಡಬಾರದು ಎಂದೇ ಸಂಜೆ ಒಂದು ಸಣ್ಣ ಕೆಲಸವನ್ನಾದರೂ ಮುಗಿಸಿ ಏಳುತ್ತಿದ್ದೆ. 2012ರಲ್ಲಿ ಸಕಾಲ ಬಂತು, ಯಾವ ಸೇವೆ ಎಷ್ಟು ದಿನದಲ್ಲಿ ಕೊಡಬೇಕು ಎಂದು ಗಡುವು ಬಂತು, ಜನರಿಗೆ ಒಳ್ಳೆಯದೇ ಆಯಿತು. ಆದರೆ ಆ ಲೆಕ್ಕ ಮೇಲಿನವರದು. ಹಿಂದಿನ ಪುಟ ನನ್ನದು.

ಮನಸ್ಸಿನ ವಿದ್ಯಾರ್ಥಿ

ಸಾಹೇಬ್ರೆ, ತಪ್ಪು ತಿಳಿಯಬೇಡಿ, ಮತ್ತೆ ಅಮೆರಿಕಕ್ಕೇ ಹೋಗಬೇಕಾಗಿದೆ. ನಿಮ್ಮ ಹಿಂದಿನ ಪುಟದ ವಿಷಯಕ್ಕೆ ಆಧಾರ ಅಲ್ಲೇ ಇದೆ. ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ಮತ್ತು ತಂಡದವರು 238 ನೌಕರರಿಂದ ದಿನಾ ದಿನಚರಿ ಬರೆಸಿದರು. ಒಟ್ಟು ಸುಮಾರು 12,000 ದಿನಚರಿಗಳು. ಯಾವ ದಿನ ಮನಸ್ಸು ಚೆನ್ನಾಗಿತ್ತು, ಆ ದಿನ ಏನು ನಡೆದಿತ್ತು ಎಂದು ನೋಡಿದರೆ ಎಲ್ಲಕ್ಕಿಂತ ಮುಂದೆ ಇದ್ದದ್ದು ಒಂದೇ: ತನಗೆ ಅರ್ಥ ಇದೆ ಎನಿಸುವ ಕೆಲಸ ಒಂದಿಷ್ಟು ಮುಂದೆ ಹೋಗಿದ್ದು. ಸಣ್ಣದಾದರೂ ಸರಿ.

ಬಿದ್ರಿ ಕೈ – ಬೀದರ್

ನಾನು ಬಿದ್ರಿ ಕೆಲಸದವನು. ಕುಸುರಿ ಕೆತ್ತಿ ಬೆಳ್ಳಿ ತಂತಿ ಕೂಡಿಸುವುದು ನನ್ನ ಕೆಲಸ. ಕಚೇರಿ ಗೊತ್ತಿಲ್ಲ, ಆದರೆ ಬೇಸರ ಗೊತ್ತು.

ಕೇಳುವವರಿಗೆ ಬಿದ್ರಿ ಎಂದರೆ ದೊಡ್ಡ ಕಲೆ. ನಮಗೆ ಎಷ್ಟೋ ಸಲ ಅದೇ ನೆನಪಿನ ಕಾಣಿಕೆ, ಅದೇ ಫಲಕ, ಅದೇ ಅಳತೆ, ನೂರು ಪೀಸ್. ಸಮಾರಂಭ ಇದೆ, ಬೇಗ ಕೊಡಿ. ಸತು 16 ಭಾಗಕ್ಕೆ ತಾಮ್ರ ಒಂದು ಭಾಗ ಹಾಕಿ ಎರಕ ಹೊಯ್ಯುವವನು ಬೇರೆ, ಉಜ್ಜುವವನು ಬೇರೆ, ಗೆರೆ ಬರೆಯುವವನು ಬೇರೆ, ಕೂಡಿಸುವವನು ನಾನು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿ ಕಪ್ಪು ಬರಿಸುವವನು ಇನ್ನೊಬ್ಬ. ಆ ಮಣ್ಣಿಗೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಾನು ಕೂಡಿಸಿದ ಹೂಬಳ್ಳಿ ಕಣ್ಣಿಗೆ ಎದ್ದು ಕಾಣುವುದು ಆಗ. ಅಷ್ಟೊತ್ತಿಗೆ ನಾನು ಮುಂದಿನ ಪೀಸ್ ಮೇಲೆ ಬಗ್ಗಿರುತ್ತೇನೆ.

ಒಂದು ಹಂತದಲ್ಲಿ ಕೈ ನಡೆಯುತ್ತಿತ್ತು, ನಾನು ಅಲ್ಲಿ ಇರಲಿಲ್ಲ. ಆಮೇಲೆ ಕಾರ್ಖಾನೆಯ ಹಿರಿಯರಿಗೆ ಹೇಳಿ, ನನ್ನ ಪೀಸ್ ಕಪ್ಪು ಬರಿಸುವಾಗ ನಾನೂ ನಿಂತು ನೋಡುತ್ತೇನೆ ಎಂದೆ. ಕೂಲಿ ಹೋಗುತ್ತದೆ ಎಂದರು, ಹೋಗಲಿ ಎಂದೆ. ತಿಂಗಳಿಗೆ ಒಂದು ಪೀಸ್ ನನ್ನ ಇಷ್ಟದ ನಮೂನೆ ಮಾಡುತ್ತೇನೆ. ಅದು ಮಾರಾಟ ಆದರೂ ಆಯಿತು, ಆಗದಿದ್ದರೂ ಆಯಿತು.

2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಸಾಹೇಬರಿಗೆ ಪದ್ಮಶ್ರೀ ಬಂತು. ಓಣಿಗೆ ಹಬ್ಬ. ನಮ್ಮ ಕೈಗೆ ಬಂದಷ್ಟೇ ಖುಷಿ. ಸುಳ್ಳು ಯಾಕೆ ಹೇಳಲಿ, ಆ ಖುಷಿ ಕೆಲವು ದಿನ ಇತ್ತು. ಆಮೇಲೆ ಮತ್ತೆ ಅದೇ ನೂರು ಪೀಸ್. ಹೊರಗಿನ ಸನ್ಮಾನ ದಿನಾ ಬರುವುದಿಲ್ಲ ಭಾಯಿ, ಅದಕ್ಕೇ ಕಪ್ಪು ಬರಿಸುವ ಹಂಡೆಯ ಹತ್ತಿರ ನಾನೇ ಹೋಗಿ ನಿಲ್ಲುತ್ತೇನೆ.

ದಾಲ್ ಮಿಲ್ ಲೆಕ್ಕ – ಕಲಬುರಗಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಸ್ವಲ್ಪ ಅಡ್ಡ ಮಾತು ಹೇಳುತ್ತೇನೆ.

ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸುಗ್ಗಿ ಬಂತೆಂದರೆ ಲಾರಿ ಮೇಲೆ ಲಾರಿ. ರಾತ್ರಿ ಹತ್ತಾದರೂ ಮನೆ ಇಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಊರಿನ ಹೆಸರಿನ ಅಧಿಕೃತ ಗುರುತು) ಬಂತು. ಬೇಳೆಯ ಹೆಸರು ಎಲ್ಲ ಕಡೆ ಆಯಿತು, ನನ್ನ ಸಂಬಳದ ಹೆಸರು ಎಲ್ಲೂ ಆಗಲಿಲ್ಲ. ನನಗೂ ಮನಸ್ಸು ಸತ್ತಿತ್ತು. ಮಾಲೀಕರು ಒಂದು ದಿನ ಕೂರಿಸಿಕೊಂಡು ಧ್ಯಾನ ಮಾಡು, ಬೆಳಿಗ್ಗೆ ಬೇಗ ಏಳು, ಪಾಸಿಟಿವ್ ಆಗಿರು ಎಂದು ಹೇಳಿದರು. ನಾನು ಕೇಳಿದ್ದು ಸುಗ್ಗಿಯ ಓಟಿ, ಹೆಚ್ಚುವರಿ ಹೊತ್ತಿನ ಕೂಲಿ.

ಮನಸ್ಸು ಹೋಗುವುದು ಕೆಲವು ಸಲ ರೋಗ ಅಲ್ಲ, ಸರಿಯಾದ ಲೆಕ್ಕ. ಕೊಟ್ಟಷ್ಟಕ್ಕೆ ತಕ್ಕ ವಾಪಸ್ ಇಲ್ಲ ಎಂದು ಒಳಗೆ ಗೊತ್ತಾದರೆ ಕೈ ತಾನಾಗಿ ನಿಧಾನ ಆಗುತ್ತದೆ. ಅದನ್ನು ಸರಿ ಮಾಡಬೇಕಾದವರು ಮಾಡದೆ, ನಿನ್ನ ಮನಸ್ಸು ಸರಿ ಮಾಡಿಕೋ ಎಂದರೆ ಹೇಗೆ? ಇಲ್ಲಿ ಕಡತದಡಿ ಅವರು ಇಬ್ಬರ ಕೆಲಸ ಮಾಡುತ್ತಿದ್ದಾರೆ. ಅದರ ಬಗ್ಗೆ ಯಾರೂ ಮಾತೇ ಆಡಲಿಲ್ಲ, ಫೋನ್ ಮಾಡಿ, ಪಟ್ಟಿ ಬರೆಯಿರಿ ಎಂದು ಇನ್ನೂ ಕೆಲಸ ಹಚ್ಚುತ್ತಿದ್ದೀರಿ.

ನಾನು ಕೊನೆಗೆ ಮಾಡಿದ್ದು: ಸುಗ್ಗಿ ಶುರುವಾಗುವ ಮೊದಲೇ ಕೂತು ಮಾತಾಡಿದೆ. ಓಟಿ ಕೊಡಲಿಲ್ಲ. ಬದಲಿಗೆ ಅನ್‌ಸೀಸನ್‌ನಲ್ಲಿ ಶನಿವಾರ ರಜೆ ಕೊಟ್ಟರು. ಅರ್ಧ ಗೆದ್ದೆ. ಆ ಅರ್ಧಕ್ಕೇ ಮನಸ್ಸು ಎಷ್ಟೋ ತಿರುಗಿತು.

ಸುರಪುರ ಟೀಚರ್

ದಾಲ್ ಮಿಲ್ ಅಣ್ಣನ ಮಾತಿಗೆ ನನ್ನ ಪೂರ್ತಿ ಓಟು.

ಮನಸ್ಸಿನ ವಿದ್ಯಾರ್ಥಿ

ನನ್ನದೂ. ಒಂದು ಮಾತು ಸೇರಿಸುತ್ತೇನೆ. 1967ರಲ್ಲಿ ಸೆಲಿಗ್‌ಮನ್, ಮೇಯರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಏನು ಮಾಡಿದರೂ ನಿಲ್ಲದ ಕರೆಂಟ್ ಶಾಕ್ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಜಿಗಿದು ತಪ್ಪಿಸಿಕೊಳ್ಳುವ ದಾರಿ ಇದ್ದರೂ ಸುಮ್ಮನೆ ಮಲಗಿಬಿಟ್ಟವು. ಕ್ರೂರ ಪ್ರಯೋಗ, ಇಂದು ಅಂಥದ್ದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಕೈಲಾಗದತನವನ್ನು ಪ್ರಾಣಿ ಕಲಿಯುತ್ತದೆ ಎಂದು ಆಗ ಹೇಳಿದರು. ಅದೇ ಇಬ್ಬರು 2016ರಲ್ಲಿ ತಮ್ಮ ಮಾತನ್ನೇ ತಿರುಗಿಸಿದರು. ದೀರ್ಘ ಕಷ್ಟದ ಎದುರು ಸುಮ್ಮನಾಗುವುದು ಮೆದುಳಿನ ಹುಟ್ಟುಗುಣ, ಕಲಿಯುವಂಥದ್ದು ಅದಲ್ಲ, 'ನನ್ನ ಕೈಯಲ್ಲಿ ಏನೋ ಇದೆ' ಎನ್ನುವುದನ್ನು ಎಂದರು. ದಾಲ್ ಮಿಲ್ ಅಣ್ಣನಿಗೆ ಅರ್ಧ ಗೆದ್ದಿದ್ದಕ್ಕೇ ಮನಸ್ಸು ತಿರುಗಿದ್ದು ಯಾಕೆ ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಸೇಡಂ ರೋಡ್ – ಕಲಬುರಗಿ

ಬೆಂಗಳೂರಿನ ಕಂಪನಿಗೆ ಇಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ನನ್ನ ಅನುಭವ ಚಿಕ್ಕದು. ಮನಸ್ಸು ಬಂದ ಮೇಲೆ ಶುರು ಮಾಡೋಣ ಎಂದು ಕಾಯುತ್ತಿದ್ದರೆ ಅದು ಬರುವುದೇ ಇಲ್ಲ. ಶುರು ಮಾಡಿದ ಮೇಲೆ ಕೆಲವು ಸಲ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಬರದ ದಿನ ಸುಲಭದ ಕೆಲಸ ಮುಗಿಸಿ ಎದ್ದುಬಿಡಿ.

ಮೊಬೈಲ್ ಬಗ್ಗೆ: ನನಗೆ ಅದು ಬೇಸರಕ್ಕೆ ಕಾರಣ ಅಲ್ಲ, ಬೇಸರ ಮುಚ್ಚುವ ಹೊದಿಕೆ ಆಗಿತ್ತು. ಮೊಬೈಲ್ ಕಡಿಮೆ ಮಾಡಬೇಕೆಂದು ಎಷ್ಟು ಹಟ ಮಾಡಿದರೂ ಆಗಲಿಲ್ಲ. ಸಂಜೆ ನಮ್ಮೂರಿನ 'ಅಪ್ಪನ ಕೆರೆ'ಯ ಹತ್ತಿರ ಗೆಳತಿಯರ ಜೊತೆ ಸುತ್ತಾಡಲು ಶುರು ಮಾಡಿದ ಮೇಲೆ ಅದಾಗಿಯೇ ಕಡಿಮೆ ಆಯಿತು. ಕೆರೆ ಸುತ್ತಿ, ಸುಸಲಾ ಮಿರ್ಚಿ ತಿಂದು ಬರುತ್ತೇವೆ. ಮೈ ತೂಕ ಇಳಿದಿಲ್ಲ, ಮನಸ್ಸಿನ ಭಾರ ಇಳಿದಿದೆ.

ಕಡತದಡಿ

ಮತ್ತೆ ಬಂದೆ. ನಡುವೆ ಏನಾಯಿತು ಹೇಳುತ್ತೇನೆ.

ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್, ಸಕ್ಕರೆ ಸರಿ ಇವೆ. ಬಿ12 ಬಹಳ ಕಡಿಮೆ. ಡಾಕ್ಟರು ಔಷಧಿ ಬರೆದಿದ್ದಾರೆ, ಹಿಡಿಯಲು ಸಮಯ ಬೇಕು ಎಂದಿದ್ದಾರೆ. ಸಿಸ್ಟರ್, ನಿಮಗೆ ಪುಂಡಿಪಲ್ಯದ ಮೇಲೆ ಆಣೆ, ದಿನಾ ಮೊಸರು ತಿನ್ನುತ್ತಿದ್ದೇನೆ.

8ಕ್ಕೆ ಕಚೇರಿ ತೆರೆದರೂ ಹಳ್ಳಿಯಿಂದ ಬರುವವರು ಬಸ್ ಹಿಡಿದು ಬರಲು ಒಂದು ತಾಸು ಆಗುತ್ತದೆ. ಆ ತಾಸನ್ನು ನಿಂತುಹೋದ ಪಿಂಚಣಿಗಳಿಗೆ ಮಾತ್ರ ಇಟ್ಟೆ. ಹೊಸ ಅರ್ಜಿ ಇಲ್ಲ, ಪಕ್ಕದ ಟೇಬಲ್ಲಿನ ಕೆಲಸವೂ ಇಲ್ಲ. ಶಿರಸ್ತೇದಾರ ಸಾಹೇಬರು ಹೇಳಿದ ಹಿಂದಿನ ಪುಟವೂ ನಡೆಯುತ್ತಿದೆ, ಆದರೆ ದಿನಾ ಅಲ್ಲ. ಕಚೇರಿಯವರೊಬ್ಬರು ನೋಡಿ "ಏನ್ರೀ, ಪ್ರಮೋಷನ್ ಬಂತಾ?" ಎಂದು ನಕ್ಕರು.

ಫೋನ್ ಮಾಡಿದೆ. ಮೊದಲನೆಯವರು ನಾನು ಬ್ಯಾಂಕ್ ಮೋಸದವನೆಂದು ತಿಳಿದು ಕಟ್ ಮಾಡಿದರು! ಸರಿಯೇ ಮಾಡಿದರು. ಅದಕ್ಕೆ ಈಗ ಗ್ರಾಮ ಆಡಳಿತ ಅಧಿಕಾರಿಗಳಿಗೆ ಹೇಳಿದ್ದೇನೆ, ಹಳ್ಳಿಗೆ ಹೋದಾಗ ಕೇಳಿ ಬನ್ನಿ ಎಂದು. ಒಬ್ಬ ಅಜ್ಜಿ 1200 ರೂಪಾಯಿಯಲ್ಲಿ ಮೊದಲು ಬಿಪಿ ಗುಳಿಗೆ, ಆಮೇಲೆ ಎಲೆ ಅಡಿಕೆ, ಉಳಿದದ್ದು ಮೊಮ್ಮಗಳ ಕೈಗೆ ಕೊಡುತ್ತಾಳಂತೆ. ಇಷ್ಟು ವರ್ಷ 1200 ಎನ್ನುವುದು ನನಗೆ ಬರೀ ಒಂದು ಕಾಲಮ್ ಆಗಿತ್ತು.

ಮನಸ್ಸು ಪೂರ್ತಿ ಬಂದಿದೆ ಎನ್ನಲಾರೆ. ಹನ್ನೊಂದರ ಮೇಲೆ ಮತ್ತೆ ಮೊದಲಿನ ಹಾಗೆಯೇ. ಆದರೆ ಮೊದಲ ತಾಸು ನನ್ನದು.

ಮುಂದಿನ ಎಫ್‌ಡಿಎ

ಅಣ್ಣಾ, ಅವತ್ತು ಜಾಸ್ತಿ ಮಾತಾಡಿದೆ. ಒಂದು ಕೇಳಬೇಕಿತ್ತು. ನಮ್ಮ ಅಜ್ಜಿಗೆ ಸಂಧ್ಯಾ ಸುರಕ್ಷಾ ಬರುತ್ತಿತ್ತು. ಕೆಲವು ತಿಂಗಳಿಂದ ನಿಂತಿದೆ. ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಹೋಗಿ ಎನ್ನುತ್ತಾರೆ, ಕಚೇರಿಯವರು ಬ್ಯಾಂಕಿಗೆ ಹೋಗಿ ಎನ್ನುತ್ತಾರೆ. ನಿಮ್ಮ ತಾಲ್ಲೂಕು ಅಲ್ಲ, ಆದರೂ ಏನು ಮಾಡಬೇಕು?

ಕಡತದಡಿ

ತಮ್ಮಾ, ಮೊದಲು ನಿಂತಿದೆಯೋ, ಬೇರೆ ಕಡೆ ಹೋಗುತ್ತಿದೆಯೋ ನೋಡು. ಹಣ ಈಗ ಆಧಾರ್ ಜೋಡಣೆ ಇರುವ ಖಾತೆಗೆ ಹೋಗುತ್ತದೆ. ಅಜ್ಜಿ ಹೆಸರಲ್ಲಿ ಆಮೇಲೆ ಯಾವುದಾದರೂ ಹೊಸ ಖಾತೆ ತೆರೆದಿದ್ದೀರಾ? ಅಂಚೆ ಕಚೇರಿಯಲ್ಲಿ, ಬೇರೆ ಬ್ಯಾಂಕಿನಲ್ಲಿ? ಅಲ್ಲಿ ಆಧಾರ್ ಕೊಟ್ಟಿದ್ದರೆ ಜೋಡಣೆ ಆ ಖಾತೆಗೆ ಬದಲಾಗಿರಬಹುದು. ಹಣ ಅಲ್ಲೇ ಬಿದ್ದಿರುತ್ತದೆ, ನೀವು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಇರುತ್ತೀರಿ. ನನ್ನ ಟೇಬಲ್ಲಿಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ.

ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡು ಅಜ್ಜಿಯ ಆಧಾರ್ ನಂಬರ್ ಕೊಟ್ಟರೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂದು ಕಾಣುತ್ತದೆ. ಅಲ್ಲಿ ಏನೂ ಇಲ್ಲ ಎಂದಾದರೆ ಆಧಾರ್ ಜೋಡಣೆಯೇ ಇಲ್ಲದಿರಬಹುದು, ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಬರುವ ಹಾಗೆ ಖಾತೆಗೆ ಆಧಾರ್ ಜೋಡಣೆ) ಮಾಡಿಕೊಡಿ ಎಂದು ಬರೆದುಕೊಡಿ. ಬರೀ ಆಧಾರ್ ಜೆರಾಕ್ಸ್ ಕೊಟ್ಟು ಬರಬೇಡಿ, ಆ ಮಾತನ್ನೇ ಹೇಳಬೇಕು.

ಇನ್ನೊಂದು, ಆಧಾರ್‌ನಲ್ಲಿರುವ ಹೆಸರು ಮತ್ತು ಪಿಂಚಣಿ ಆದೇಶದ ಹೆಸರು ಹೋಲಿಸಿ ನೋಡು. ಒಂದರಲ್ಲಿ ಶರಣಮ್ಮ, ಇನ್ನೊಂದರಲ್ಲಿ ಶರಣವ್ವ ಇದ್ದರೂ ಸಿಕ್ಕಿಬೀಳುತ್ತದೆ. ಇದೆಲ್ಲ ಸರಿ ಇದ್ದೂ ಬರದಿದ್ದರೆ ಆಗ ನಾಡಕಚೇರಿಗೆ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಹೋಗು. ಪರಿಶೀಲನೆಗೆ ಬಂದಾಗ ಅಜ್ಜಿ ಊರಲ್ಲಿ ಇರಲಿಲ್ಲ ಎಂದೂ ನಿಲ್ಲಿಸಿರಬಹುದು. ಅಜ್ಜಿಯನ್ನು ಬಿಸಿಲಲ್ಲಿ ಕರೆದುಕೊಂಡು ಹೋಗಬೇಡ, ಮೊದಲು ನೀನೊಬ್ಬನೇ ಹೋಗು.

ಮುಂದಿನ ಎಫ್‌ಡಿಎ

ಅಂಚೆ ಖಾತೆ ತೆರೆದಿದ್ದು ಹೌದು ಅಣ್ಣಾ. ನಾಳೆಯೇ ನೋಡುತ್ತೇನೆ.

ದಾಲ್ ಮಿಲ್ ಲೆಕ್ಕ

ಎಲ್ಲ ಸರಿ, ಆ ಎರಡನೇ ಟೇಬಲ್ ಕಥೆ ಏನಾಯಿತು? ಬಿ12ಕ್ಕೆ ಗುಳಿಗೆ ಸಿಕ್ಕಿತು, ಅದಕ್ಕೆ?

ನಿವೃತ್ತ ಶಿರಸ್ತೇದಾರ

ಒಳ್ಳೆಯ ಪ್ರಶ್ನೆ. ಕಡತದಡಿ, ಆ ಟೇಬಲ್ಲಿನ ಪ್ರಭಾರಕ್ಕೆ ಲಿಖಿತ ಆದೇಶ ಇದೆಯಾ? ಅಧಿಕ ಪ್ರಭಾರ ಕೊಟ್ಟರೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 68ರಲ್ಲಿ ಪ್ರಭಾರ ಭತ್ಯೆಗೆ ಅವಕಾಶ ಇದೆ. ಆದೇಶದಲ್ಲಿ ಆ ನಿಯಮ ನಮೂದಾಗಿರಬೇಕು.

ಕಡತದಡಿ

ಆದೇಶ ಇಲ್ಲ ಸರ್. "ಸ್ವಲ್ಪ ದಿನ ನೋಡಿಕೋ" ಎಂದರು, ಅಷ್ಟೇ. ಕೇಳಲು ಸಂಕೋಚ.

ನಿವೃತ್ತ ಶಿರಸ್ತೇದಾರ

ಸಂಕೋಚ ಪಟ್ಟರೆ ನಿವೃತ್ತಿವರೆಗೂ ನೀನೇ ನೋಡಿಕೊಳ್ಳುತ್ತೀ. ನಾಳೆ ಆ ಟೇಬಲ್ಲಿನಲ್ಲಿ ಒಂದು ಕಡತ ಕಾಣೆಯಾದರೆ ಯಾರ ಮೇಲೆ ಬರುತ್ತದೆ? ಆಗ ಮಾತ್ರ ನಿನ್ನ ಹೆಸರು ಲಿಖಿತದಲ್ಲಿ ಬರುತ್ತದೆ.

ಒಂದೇ ಪುಟದ ಮನವಿ ಬರೆ. ದೂರು ಬೇಡ, ಬೇಸರ ಬೇಡ, ಮನಸ್ಸಿನ ವಿಷಯ ಬೇಡವೇ ಬೇಡ. ಯಾವ ದಿನಾಂಕದಿಂದ ಯಾವ ಟೇಬಲ್ ನೋಡುತ್ತಿದ್ದೀ, ಎರಡರಲ್ಲೂ ಬಾಕಿ ಎಷ್ಟು, ಅದರಲ್ಲಿ ಸಕಾಲ ಗಡುವು ಮೀರುವಂಥದ್ದು ಎಷ್ಟು, ಇಷ್ಟು. ಕೊನೆಗೆ ಎರಡು ಕೋರಿಕೆ: ಬದಲಿ ನೌಕರರನ್ನು ನೇಮಿಸಬೇಕು, ಅಲ್ಲಿಯವರೆಗೆ ಪ್ರಭಾರದ ಲಿಖಿತ ಆದೇಶ ಕೊಡಬೇಕು. ವರ್ಗಾವಣೆ ಪಟ್ಟಿ ತಯಾರಾಗುವ ಸಮಯ ಇದೇ, ಜೂನ್ ದಾಟಿದರೆ ಮತ್ತೆ ಒಂದು ವರ್ಷ. ಸಾಹೇಬರ ಕೈಗೆ ಕೊಟ್ಟು ಬರಬೇಡ, ಟಪಾಲಿನಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೋ. ಕರಡು ಬರೆದರೆ ನನಗೆ ಸಂದೇಶದಲ್ಲಿ ಕಳಿಸು, ತಿದ್ದಿಕೊಡುತ್ತೇನೆ. ಮಧ್ಯಾಹ್ನ ನನಗೂ ಬೇರೆ ಕೆಲಸ ಇಲ್ಲ.